ಬಂದರಿನ ಹೊರಗೆ ಲಂಗರು: ದಾವಣಗೆರೆಯಲ್ಲಿ ನನಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರ ನಮಗೆ ದೂರ. ದಾವಣಗೆರೆಯಿಂದ ಹೊರಟ ಲೋಡ್ ಲಾರಿ ಘಾಟಿ ಇಳಿದು ಮಂಗಳೂರು ಮುಟ್ಟಲು ಒಂದು ರಾತ್ರಿ ಬೇಕು. ಆದರೂ ವಾರಕ್ಕೊಬ್ಬರಾದರೂ ನನ್ನನ್ನು ಹಿಡಿದು ನಿಲ್ಲಿಸಿ ಹಡಗಿನ ಪ್ರಶ್ನೆ ಕೇಳುತ್ತಾರೆ. ಹದಿನೈದು ವರ್ಷ ಸರಕು ಹಡಗುಗಳಲ್ಲಿ ದುಡಿದು, ಸೆಕೆಂಡ್ ಆಫೀಸರ್ ಆಗಿದ್ದಾಗ ಕೆಲಸ ಬಿಟ್ಟು ಊರಿಗೆ ಬಂದವನು ನಾನು. ಕೇಳುವವರಲ್ಲಿ ಮೆಕ್ಕೆಜೋಳದ ವ್ಯಾಪಾರಿಗಳಿದ್ದಾರೆ. ಹೊಳಲ್ಕೆರೆ ಕಡೆಯ ಅದಿರು ಲಾರಿ ಮಾಲೀಕರಿದ್ದಾರೆ. ಮಗನನ್ನು ಹಡಗಿಗೆ ಕಳಿಸಿದ ಅಮ್ಮಂದಿರಿದ್ದಾರೆ. ಸುತ್ತಿ ಬಳಸಿ ಎಲ್ಲರದ್ದೂ ಒಂದೇ ಮಾತು: ಹಡಗು ಬಂದರಿನ ಹೊರಗೆ ಲಂಗರು ಹಾಕಿ ನಿಂತಿದೆಯಂತೆ, ಯಾಕೆ? ಹೇಳಿದ್ದನ್ನೇ ಹೇಳಿ ಸಾಕಾಯಿತು. ಅದಕ್ಕೇ ಬರೆದಿಟ್ಟಿದ್ದೇನೆ.

ಹಡಗು ಬಂದಿದೆ ಅಂತಾರೆ, ಆದರೆ ಒಳಗೆ ಬಂದಿಲ್ಲ ಅಂತಾರೆ. ಇದೇನು ಲೆಕ್ಕ?

ಜೋಳದ ಸುಗ್ಗಿಯಲ್ಲಿ ನಮ್ಮ ಎಪಿಎಂಸಿ ಮುಂದೆ ನೋಡಿದ್ದೀರಲ್ಲ. ಲಾರಿ, ಟ್ರ್ಯಾಕ್ಟರ್ ರಸ್ತೆ ಬದಿಗೆ ಸಾಲಾಗಿ ನಿಂತಿರುತ್ತವೆ. ಒಳಗೆ ಜಾಗ ಆದ ಹಾಗೆ ಒಂದೊಂದನ್ನೇ ಬಿಡುತ್ತಾರೆ. ಬಂದರಿನ ಕಥೆಯೂ ಅಷ್ಟೇ. ಪಣಂಬೂರಿನ ನವಮಂಗಳೂರು ಬಂದರು ದಡವನ್ನೇ ಒಳಗೆ ಕೊರೆದು ಮಾಡಿದ್ದು. ಉದ್ಘಾಟನೆ ಆಗಿದ್ದು 1975ರಲ್ಲಿ. ಒಳಗೆ ಹೋಗಲು ಹೂಳೆತ್ತಿ ಆಳ ಮಾಡಿದ ಒಂದು ದಾರಿ ಇದೆ. ಹಡಗು ಕಟ್ಟಲು ಎಣಿಸಿದಷ್ಟು ಬರ್ತ್‌ಗಳಿವೆ. ಒಂದು ಹಡಗು ಎದ್ದು ಹೋದ ಮೇಲೇ ಇನ್ನೊಂದಕ್ಕೆ ಜಾಗ.

ಹೊರಗೆ ಕಾಯುವ ಜಾಗಕ್ಕೆ ಆಂಕರೇಜ್ ಅನ್ನುತ್ತಾರೆ. ಬರ್ತ್ ಖಾಲಿ ಇಲ್ಲ ಅನ್ನೋದು ಒಂದೇ ಕಾರಣ ಅಲ್ಲ. ಹಡಗನ್ನು ಬಂದರಿನೊಳಗೆ ದಾರಿ ತೋರಿಸಿ ತರುವ ಪೈಲಟ್ ಬರಬೇಕು. ನೀರಿನ ಏರಿಳಿತ ಕೂಡಿ ಬರಬೇಕು. ಆರೋಗ್ಯ ತಪಾಸಣೆಯ ಒಪ್ಪಿಗೆ ಬೇಕು. ಒಮ್ಮೊಮ್ಮೆ ಹಡಗು ಸಿದ್ಧ ಇದ್ದರೂ ಸರಕು ಇನ್ನೂ ಘಾಟಿಯಲ್ಲಿರುತ್ತದೆ. ಜೋಳದಂಥ ಸರಕಾದರೆ ಮಳೆ ಬಂದರೆ ಮುಗಿಯಿತು. ಸರಕಿನ ಕೋಣೆಯ ಬಾಯಿ, ಅಂದರೆ ಹ್ಯಾಚ್ ಮುಚ್ಚಿ ಕೂರಬೇಕು. ಒಳಗಿನ ಹಡಗು ತಡವಾದರೆ ಹೊರಗಿನದೂ ತಡ.

ಹೊರಗೆ ಕಾದ ದಿನಗಳಿಗೆ ಡೆಮರೇಜ್ ಯಾರು ಕಟ್ಟಬೇಕು?

ಇದು ವ್ಯಾಪಾರಿಗಳ ಪ್ರಶ್ನೆ. ಸರಕು ತುಂಬಲು, ಇಳಿಸಲು ಗೊತ್ತು ಮಾಡಿದ ಸಮಯ ಮೀರಿದರೆ ಹಡಗಿನವರಿಗೆ ಕಟ್ಟುವ ದಂಡಕ್ಕೆ ಡೆಮರೇಜ್ ಅನ್ನುತ್ತಾರೆ. ಉತ್ತರ ನಿಮ್ಮ ಒಪ್ಪಂದದ ಕಾಗದದಲ್ಲೇ ಇರುತ್ತದೆ. ಹಡಗು ತಲುಪಿ, ಸರಕು ಹಾಕಿಸಿಕೊಳ್ಳಲು ಸಿದ್ಧವಾದಾಗ ಕ್ಯಾಪ್ಟನ್ ಒಂದು ಪತ್ರ ಕೊಡುತ್ತಾನೆ. ನೋಟಿಸ್ ಆಫ್ ರೆಡಿನೆಸ್ ಅಂತ ಅದರ ಹೆಸರು. ಅಲ್ಲಿಂದ ಆ ಸಮಯದ ಗಡಿಯಾರ ಓಡಲು ಶುರು. ಬರ್ತ್‌ಗೆ ಬಂದ ಮೇಲೇ ಲೆಕ್ಕ ಅಂತ ಬರೆದಿದ್ದರೆ ಆಂಕರೇಜ್‌ನಲ್ಲಿ ಕಾದಿದ್ದು ಹಡಗಿನವರ ತಲೆಗೆ. ಬಂದರು ತಲುಪಿದರೆ ಸಾಕು ಅಂತಿದ್ದರೆ, ಅಥವಾ ‘ಬರ್ತ್ ಸಿಗಲಿ ಬಿಡಲಿ’ ಅನ್ನುವ ಅರ್ಥದ ಒಂದು ಸಾಲು ಸೇರಿಸಿದ್ದರೆ, ಕಾದ ದಿನಗಳೂ ನಿಮ್ಮ ಲೆಕ್ಕಕ್ಕೆ ಬರುತ್ತವೆ.

ಇಲ್ಲೊಂದು ಸೂಕ್ಷ್ಮ ಇದೆ. ಹಡಗು ನಿಂತ ಜಾಗವೂ ಮುಖ್ಯ. ಆ ಬಂದರಿಗೆ ಬರುವ ಹಡಗುಗಳು ಸಾಮಾನ್ಯವಾಗಿ ಕಾಯುವ ಜಾಗದಲ್ಲೇ ನಿಂತಿರಬೇಕು. ಎಲ್ಲೋ ದೂರದಲ್ಲಿ ಲಂಗರು ಹಾಕಿ ‘ಬಂದಿದ್ದೇನೆ’ ಅಂದರೆ ಆ ನೋಟಿಸ್ ನಿಲ್ಲದೇ ಹೋಗಬಹುದು. ಸಹಿ ಹಾಕುವ ಮೊದಲು ಆ ಸಾಲನ್ನು ಎರಡು ಸಲ ಓದಿ. ದರದ ಬಗ್ಗೆ ಮೂರು ದಿನ ಚೌಕಾಸಿ ಮಾಡುವವರು ಇದನ್ನು ಓದುವುದೇ ಇಲ್ಲ.

ಲಂಗರು ಅಷ್ಟು ಭಾರ ಇರೋದರಿಂದಲೇ ಹಡಗು ನಿಲ್ಲೋದು, ಅಲ್ವಾ?

ಅಲ್ಲ. ಎಲ್ಲರೂ ತಪ್ಪು ತಿಳಿದಿರುವುದು ಇದನ್ನೇ. 50,000 ಟನ್ ಸರಕು ಹೊರುವ ಹಡಗಿನ ಒಂದು ಲಂಗರು ಹೆಚ್ಚು ಕಡಿಮೆ ಆರೇಳು ಟನ್ ಇರುತ್ತದೆ. ನಮ್ಮೂರಿನ ಒಂದು ಲಾರಿ ಆರಾಮಾಗಿ ಹೊತ್ತೊಯ್ಯುವಷ್ಟು. ಆ ತೂಕಕ್ಕೆ ಅಷ್ಟು ದೊಡ್ಡ ಹಡಗು ಜಗ್ಗುವುದಿಲ್ಲ.

ಲಂಗರು ಅಂದರೆ ರಂಟೆ ಅಂದುಕೊಳ್ಳಿ. ಎತ್ತು ಮುಂದಕ್ಕೆ, ನೆಲದ ಮಟ್ಟಕ್ಕೇ ಎಳೆದರೆ ಗುಳ ಭೂಮಿಗೆ ಇಳಿಯುತ್ತದೆ. ಮೇಲಕ್ಕೆ ಎತ್ತಿದರೆ ಕಿತ್ತು ಬರುತ್ತದೆ. ಲಂಗರಿನ ಹಲ್ಲುಗಳೂ ಹಾಗೇ. ಅಡ್ಡಕ್ಕೆ ಎಳೆದಷ್ಟೂ ಕೆಸರಿನೊಳಗೆ ಇಳಿಯುತ್ತವೆ. ಮೇಲಕ್ಕೆ ಎಳೆದರೆ ಬಿಟ್ಟುಕೊಡುತ್ತವೆ. ಹಾಗಾದರೆ ಸಮುದ್ರದ ಮೇಲಿರುವ ಹಡಗು ತಳದಲ್ಲಿರುವ ಲಂಗರನ್ನು ಅಡ್ಡಕ್ಕೆ ಎಳೆಯೋದು ಹೇಗೆ? ಸರಪಳಿಯಿಂದ. ನೀರಿನ ಆಳಕ್ಕಿಂತ ಎಷ್ಟೋ ಪಟ್ಟು ಉದ್ದದ ಸರಪಳಿ ಬಿಡುತ್ತಾರೆ. ಅದರ ಒಂದಷ್ಟು ಭಾಗ ತಳದಲ್ಲಿ ಸುಮ್ನೆ ಮಲಗಿರುತ್ತದೆ. ಗಾಳಿ ಬೀಸಿ ಹಡಗು ಹಿಂದೆ ಸರಿದರೆ ಮಲಗಿದ ಸರಪಳಿ ನಿಧಾನಕ್ಕೆ ಏಳುತ್ತದೆ. ಗಾಳಿ ನಿಂತರೆ ಮತ್ತೆ ಮಲಗುತ್ತದೆ. ಹಡಗಿನ ಜಗ್ಗಾಟವೆಲ್ಲ ಸರಪಳಿಯಲ್ಲೇ ಕರಗಿ ಹೋಗಬೇಕು. ಲಂಗರಿಗೆ ಮುಟ್ಟಬಾರದು.

ನೆಲವೂ ಮುಖ್ಯ. ಎರೆ ಹೊಲದಲ್ಲಿ ರಂಟೆ ಕಚ್ಚುವ ಹಾಗೆ ಕೆಸರು, ಜೇಡಿಯಲ್ಲಿ ಲಂಗರು ಚೆನ್ನಾಗಿ ಕಚ್ಚುತ್ತದೆ. ಮರಳು ಪರವಾಗಿಲ್ಲ. ಬಂಡೆ ಇದ್ದರೆ ಚಿತ್ರದುರ್ಗದ ಬೆಟ್ಟದ ಮೇಲೆ ರಂಟೆ ಹೊಡೆದ ಹಾಗೆ. ಒಂದೋ ಜಾರುತ್ತದೆ, ಇಲ್ಲವೇ ಸಂದಿಗೆ ಸಿಕ್ಕಿ ಬರುವುದೇ ಇಲ್ಲ. ಸಮುದ್ರದ ನಕ್ಷೆಯಲ್ಲಿ ತಳದ ಮಣ್ಣು ಯಾವುದು ಅಂತ ಅಲ್ಲಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ ಹಾಕಿರುತ್ತಾರೆ. ಎಂ ಅಂದರೆ ಕೆಸರು, ಎಸ್ ಮರಳು, ಆರ್ ಬಂಡೆ. ಲಂಗರು ಹಾಕುವವನು ಮೊದಲು ಹುಡುಕುವುದು ಆ ಅಕ್ಷರವನ್ನು.

ಇನ್ನೊಂದು ಮಾತು. ಹಡಗಿನ ಲಂಗರು ಎಷ್ಟು ದೊಡ್ಡದಿರಬೇಕು ಅಂತ ನಿಯಮ ಮಾಡುವ ಅಂತರರಾಷ್ಟ್ರೀಯ ಒಕ್ಕೂಟ ಐಎಸಿಎಸ್ ತನ್ನ ನಿಯಮದಲ್ಲೇ ಒಂದು ಎಚ್ಚರಿಕೆ ಬರೆದಿದೆ. ಈ ಲಂಗರು ಬಂದರಿನಲ್ಲೋ ಮರೆಯಿರುವ ನೀರಿನಲ್ಲೋ ಸ್ವಲ್ಪ ಕಾಲ ಕಾಯಲು ಮಾತ್ರ. ಬಿರುಗಾಳಿಯಲ್ಲಿ ತೆರೆದ ಕರಾವಳಿಯ ಮುಂದೆ ಹಡಗನ್ನು ಹಿಡಿದು ನಿಲ್ಲಿಸಲು ಅಲ್ಲ. ನಮ್ಮ ಪಶ್ಚಿಮ ಕರಾವಳಿಯ ಬಹುಪಾಲು ತೆರೆದ ಕರಾವಳಿಯೇ.

ಎಷ್ಟು ಸರಪಳಿ ಬಿಡಬೇಕು ಅಂತ ಹೇಗೆ ಗೊತ್ತಾಗುತ್ತೆ?

ಸರಪಳಿಯನ್ನು ಮೀಟರಿನಲ್ಲಿ ಹೇಳುವುದಿಲ್ಲ, ಶ್ಯಾಕಲ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಶ್ಯಾಕಲ್ ಅಂದರೆ 27.5 ಮೀಟರ್. ಹಡಗಿನವರು ಬಾಯಿಪಾಠ ಮಾಡಿಕೊಂಡ ಒಂದು ಸೂತ್ರ ಇದೆ. ಗಾಳಿ ಸಾಧಾರಣ ಇದ್ದರೆ ಆಳದ ಮೂರು ಪಟ್ಟಿಗೆ 90 ಮೀಟರ್ ಸೇರಿಸು. ಗಾಳಿ ಜೋರಿದ್ದರೆ ಆಳದ ನಾಲ್ಕು ಪಟ್ಟಿಗೆ 145 ಸೇರಿಸು. 20 ಮೀಟರ್ ಆಳದಲ್ಲಿ ನಿಂತರೆ ಒಳ್ಳೆಯ ಹವಾಮಾನಕ್ಕೆ 150 ಮೀಟರ್, ಅಂದರೆ ಆರು ಶ್ಯಾಕಲ್ ಹತ್ತಿರ. ಗಾಳಿಗೆ 225 ಮೀಟರ್, ಎಂಟು ಶ್ಯಾಕಲ್ ಮೇಲೆ. ಇದು ಬರೀ ಶುರುವಿನ ಲೆಕ್ಕ. ಹಡಗು ಖಾಲಿ ಇದೆಯಾ, ತಳ ಯಾವುದು, ಸೆಳವು ಎಷ್ಟು ಅಂತ ನೋಡಿ ಹೆಚ್ಚು ಕಡಿಮೆ ಮಾಡುತ್ತಾರೆ.

ತೀರಾ ಆಳದಲ್ಲೂ ಹಾಕುವ ಹಾಗಿಲ್ಲ. ಲಂಗರು ಎತ್ತುವ ಯಂತ್ರ ಸುಮಾರು 82 ಮೀಟರ್ ಆಳದಿಂದ ಲಂಗರನ್ನು ಎತ್ತುವಷ್ಟು ಶಕ್ತಿಗೆ ಮಾಡಿರುತ್ತಾರೆ. ಅದಕ್ಕಿಂತ ಕೆಳಗೆ ಬಿಟ್ಟರೆ ಬಿಟ್ಟದ್ದು ಬಿಟ್ಟ ಹಾಗೇ.

ಎರಡು ಹಡಗುಗಳ ನಡುವೆ ಎಷ್ಟು ಜಾಗ ಬಿಡಬೇಕು?

ಗೂಟಕ್ಕೆ ಎಮ್ಮೆ ಕಟ್ಟಿದ್ದನ್ನು ನೆನೆಸಿಕೊಳ್ಳಿ. ಹಗ್ಗ ಎಷ್ಟು ಉದ್ದವೋ ಅಷ್ಟು ದೊಡ್ಡ ಸುತ್ತು ಮೇಯುತ್ತದೆ. ಎರಡು ಗೂಟ ಹತ್ತಿರ ಬಡಿದರೆ ಎಮ್ಮೆಗಳು ಹಗ್ಗ ಸುತ್ತಿಕೊಂಡು ನಿಲ್ಲುತ್ತವೆ. ಹಡಗೂ ಲಂಗರಿನ ಸುತ್ತ ಹಾಗೇ ತಿರುಗುತ್ತದೆ. ಗಾಳಿ ಬಂದ ಕಡೆಗೆ ಮೂತಿ, ಇಲ್ಲವೇ ಸೆಳವು ಬಂದ ಕಡೆಗೆ ಮೂತಿ.

190 ಮೀಟರ್ ಉದ್ದದ ಹಡಗು 150 ಮೀಟರ್ ಸರಪಳಿ ಬಿಟ್ಟರೆ, ಹಡಗಿನ ಬಾಲ ಲಂಗರಿನಿಂದ 340 ಮೀಟರ್ ದೂರದವರೆಗೂ ಹೋಗಬಹುದು. ಅಡ್ಡಳತೆ 680 ಮೀಟರ್. ಒಂದೇ ಹಡಗಿಗೆ! ಪಕ್ಕದವನ ಸುತ್ತು ಇದಕ್ಕೆ ತಾಗಬಾರದು. ಎಲ್ಲ ಹಡಗುಗಳೂ ಒಟ್ಟಿಗೆ, ಒಂದೇ ಕಡೆ ತಿರುಗುತ್ತವೆ ಅಂತ ನಂಬಿ ಹತ್ತಿರ ಹಾಕುವವರಿದ್ದಾರೆ. ತುಂಬಿದ ಹಡಗು ಸೆಳವಿನ ಮಾತು ಕೇಳುತ್ತದೆ. ಖಾಲಿ ಹಡಗು ಗಾಳಿಯ ಮಾತು ಕೇಳುತ್ತದೆ. ನೀರು ತಿರುಗುವ ಹೊತ್ತಿಗೆ ಇವೆರಡೂ ಎದುರುಬದುರಾಗುತ್ತವೆ.

ಕ್ಯಾಪ್ಟನ್ ತನಗೆ ಇಷ್ಟ ಬಂದ ಕಡೆ ಲಂಗರು ಹಾಕಬಹುದಾ?

ಬಂದರಿನ ಗಡಿಯೊಳಗೆ ಇಲ್ಲವೇ ಇಲ್ಲ. ಎಲ್ಲಿ ನಿಲ್ಲಬೇಕು ಅಂತ ಹೇಳುವುದು ಬಂದರಿನವರು. ರೇಡಿಯೊದಲ್ಲಿ ಪೋರ್ಟ್ ಕಂಟ್ರೋಲ್ ಕರೆದು ಜಾಗ ಹೇಳುತ್ತದೆ. ನಿಂತ ಮೇಲೆ ಜಾಗ ಖಾಲಿ ಮಾಡು ಅಂದರೂ ಮಾಡಬೇಕು. ನಮ್ಮಲ್ಲಿ ಇದಕ್ಕೆ 1908ರ ಬಂದರು ಕಾಯ್ದೆ ಇತ್ತು. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂದಿದೆ.

ಬಂದರಿನ ಗಡಿ ದಾಟಿದರೂ ಸ್ವತಂತ್ರ ಅಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗೆ ಆ ದೇಶದ್ದೇ ಸಮುದ್ರ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಬೇರೆ ದೇಶದ ಹಡಗು ಅಲ್ಲಿ ಹಾದು ಹೋಗಬಹುದು, ಆದರೆ ಹೋಗುತ್ತಲೇ ಇರಬೇಕು. ಯಂತ್ರ ಕೆಟ್ಟರೆ, ಪ್ರಾಣಾಪಾಯ ಇದ್ದರೆ, ಅಥವಾ ಸಹಜ ಪ್ರಯಾಣಕ್ಕೇ ಬೇಕಾದರೆ ಮಾತ್ರ ನಿಲ್ಲಬಹುದು. ಸಿಂಗಪುರದ ಬಂದರಿನಲ್ಲಿ ಜಾಗ ಸಿಗದೆ, ಬಾಡಿಗೆ ಉಳಿಸಲು, ಪಕ್ಕದ ಇಂಡೊನೇಷ್ಯಾ ನೀರಿನಲ್ಲಿ ಅನುಮತಿ ಇಲ್ಲದೆ ಲಂಗರು ಹಾಕಿದ ಹಡಗುಗಳನ್ನು 2021ರಲ್ಲಿ ಆ ದೇಶದ ನೌಕಾಪಡೆ ಹಿಡಿದು ಕೂರಿಸಿತ್ತು. ಉಳಿಸಲು ಹೋದ ದುಡ್ಡಿಗಿಂತ ಕಳೆದುಕೊಂಡಿದ್ದೇ ಜಾಸ್ತಿ.

ಯಾವ ಯಾವ ಜಾಗ ನಿಷೇಧ? ನೀರಿನ ಮೇಲೆ ಬೇಲಿ ಇರುತ್ತಾ?

ಬೇಲಿ ಇರುವುದಿಲ್ಲ. ಇರುವುದು ನಕ್ಷೆಯ ಮೇಲೆ. ನಮ್ಮ ದೇಶದ ಸಮುದ್ರ ನಕ್ಷೆಗಳು ತಯಾರಾಗುವುದು ಡೆಹ್ರಾಡೂನಿನಲ್ಲಿ. ಅಲ್ಲೂ ಸಮುದ್ರ ಇಲ್ಲ, ನಮ್ಮ ಹಾಗೇ! ನಕ್ಷೆಯಲ್ಲಿ ನೇರಳೆ ಬಣ್ಣದ ತುಂಡು ಗೆರೆ ಎಳೆದು ಒಳಗೆ ಲಂಗರಿನ ಚಿತ್ರ ಬಿಡಿಸಿ, ಅದರ ಮೇಲೆ ಅಡ್ಡಗೆರೆ ಹೊಡೆದಿದ್ದರೆ ಇಲ್ಲಿ ಲಂಗರು ಹಾಕಬೇಡ ಅಂತ ಅರ್ಥ. ಹಾದು ಹೋಗಬಹುದು, ನಿಲ್ಲಬಾರದು. ಕೆಲವು ಕಡೆ ಒಳಗೆ ಬರುವುದಕ್ಕೇ ಷರತ್ತು ಇರುತ್ತದೆ. ಇನ್ನು ಕೆಲವು ಕಡೆ ಪ್ರವೇಶವೇ ಇಲ್ಲ. ಮೂರನ್ನೂ ಒಂದೇ ಅಂತ ಓದಿದವನು ಒಂದಲ್ಲ ಒಂದು ದಿನ ಸಿಕ್ಕಿಬೀಳುತ್ತಾನೆ.

ಮಂಗಳೂರನ್ನೇ ತಗೊಳ್ಳಿ. ಅಲ್ಲಿನ ರಿಫೈನರಿಗೆ ಕಚ್ಚಾ ತೈಲ ತರುವ ಅತಿ ದೊಡ್ಡ ಟ್ಯಾಂಕರ್‌ಗಳು ಬಂದರಿನ ಒಳಗೆ ಹಿಡಿಸುವುದಿಲ್ಲ. ತುಂಬಿದಾಗ ಅವು 20 ಮೀಟರಿಗೂ ಹೆಚ್ಚು ಮುಳುಗಿರುತ್ತವೆ. ಅದಕ್ಕೇ ದಡದಿಂದ ದೂರ, ಸಮುದ್ರದಲ್ಲೇ ಒಂದು ದೊಡ್ಡ ಬೋಯಿ ತೇಲಿಸಿ, ತಳಕ್ಕೆ ಸರಪಳಿಗಳಿಂದ ಬಿಗಿದಿದ್ದಾರೆ. ಟ್ಯಾಂಕರ್ ಅದಕ್ಕೆ ಮೂತಿ ಕಟ್ಟಿಕೊಂಡು ನಿಲ್ಲುತ್ತದೆ. ತೇಲುವ ಕೊಳವೆಯಲ್ಲಿ ಎಣ್ಣೆ ಬೋಯಿಗೆ ಬಂದು, ಅಲ್ಲಿಂದ ಸಮುದ್ರದ ತಳದ ಪೈಪಿನಲ್ಲಿ ದಡ ಸೇರುತ್ತದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಸುವ ನೆಲದಡಿಯ ಗುಹೆಗಳಿವೆ. ದೇಶಕ್ಕೆ ಕಷ್ಟ ಬಂದಾಗ ಇರಲಿ ಅಂತ ಕೂಡಿಟ್ಟ ಎಣ್ಣೆ ಅದು. ಇಂಥ ಬೋಯಿಯ ಸುತ್ತ, ಪೈಪಿನ ದಾರಿಯುದ್ದಕ್ಕೂ ಲಂಗರು ಹಾಕುವ ಮಾತೇ ಇಲ್ಲ. ಸಮುದ್ರದಲ್ಲಿ ನಿಲ್ಲಿಸಿದ ಇಂಥ ಕಟ್ಟೋಣಗಳ ಸುತ್ತ 500 ಮೀಟರ್‌ವರೆಗೆ ಸುರಕ್ಷಾ ವಲಯ ಮಾಡಲು ವಿಶ್ವಸಂಸ್ಥೆಯ ಸಮುದ್ರ ಕಾನೂನೇ ಅವಕಾಶ ಕೊಟ್ಟಿದೆ.

ಕಾರವಾರಕ್ಕೆ ಹೋದರೆ ಕಾರಣ ಬೇರೆ. ಅಲ್ಲಿ 2005ರಿಂದ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಇದೆ. ಪಕ್ಕದಲ್ಲೇ ಬೈತಖೋಲದ ವಾಣಿಜ್ಯ ಬಂದರು. ಸರಕು ಹಡಗು ತನ್ನ ದಾರಿ ಬಿಟ್ಟು ಅತ್ತ ಸರಿದರೆ ರೇಡಿಯೊ ತಕ್ಷಣ ಮಾತಾಡುತ್ತದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ಗುಡ್ಡವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದುಂಟು. ಇಂಥ ಅಭ್ಯಾಸ ಇದ್ದಾಗ ‘ಇಷ್ಟು ದಿನ ಈ ಜಾಗಕ್ಕೆ ಬರಬೇಡಿ’ ಅಂತ ರೇಡಿಯೊ ಎಚ್ಚರಿಕೆ ಬರುತ್ತದೆ. ಅಂದರೆ ನಿಷೇಧದ ಕೆಲವು ಜಾಗ ನಕ್ಷೆಯಲ್ಲಿ ಇರುವುದೇ ಇಲ್ಲ, ಆ ವಾರದ ಸಂದೇಶದಲ್ಲಿ ಇರುತ್ತವೆ. ನಕ್ಷೆ ತಿದ್ದುವ ಕೆಲಸ ಸೆಕೆಂಡ್ ಆಫೀಸರ್‌ದು. ಹಾಗಾಗಿ ನನಗೆ ಇದು ಚೆನ್ನಾಗಿ ಗೊತ್ತು. ಒಂದು ವಾರ ಸೋಮಾರಿತನ ಮಾಡಿದರೆ ನಕ್ಷೆ ಸುಳ್ಳು ಹೇಳಲು ಶುರುಮಾಡುತ್ತದೆ.

ಉಳಿದವು ನಿಮಗೇ ಹೊಳೆಯುತ್ತವೆ. ಬಂದರಿಗೆ ಹೋಗುವ ದಾರಿ, ಹಡಗುಗಳು ಎದುರುಬದುರು ಓಡಾಡುವ ಪಥಗಳು, ಮುಳುಗಿದ ಹಡಗು ಬಿದ್ದಿರುವ ಜಾಗ, ಹೂಳು ಸುರಿಯುವ ಜಾಗ. ರಾಷ್ಟ್ರೀಯ ಹೆದ್ದಾರಿ ನಡುವೆ ಲಾರಿ ನಿಲ್ಲಿಸಿ ಚಹಾ ಕುಡಿಯಲು ಹೋಗುತ್ತೀರಾ? ಹಾಗೇ.

ಗೊತ್ತಿಲ್ಲದೆ ಹಾಕಿಬಿಟ್ಟರೆ ಅಂಥದ್ದೇನಾಗುತ್ತೆ?

ಆಗುವುದು ಆ ಹಡಗಿಗಲ್ಲ, ಎಲ್ಲೋ ಇರುವವರಿಗೆ. 2008ರ ಜನವರಿ ಕೊನೆಯಲ್ಲಿ ಭಾರತದಲ್ಲಿ ಇಂಟರ್ನೆಟ್ ಕುಂಟಿತ್ತು. ಈಜಿಪ್ಟ್ ಹತ್ತಿರ ಸಮುದ್ರದ ತಳದ ಕೇಬಲ್‌ಗಳು ತುಂಡಾಗಿದ್ದವು. ಎರಡೇ ದಿನದಲ್ಲಿ ದುಬೈ ಮತ್ತು ಒಮಾನ್ ನಡುವೆ ಇನ್ನೊಂದು ಕೇಬಲ್ ಹೋಯಿತು. ರಿಪೇರಿಗೆ ಹೋದವರಿಗೆ ಅಲ್ಲಿ ಸಿಕ್ಕಿದ್ದು ಯಾರೋ ಬಿಟ್ಟುಹೋದ, ಐದಾರು ಟನ್ ತೂಕದ ಒಂದು ಲಂಗರು.

ಕ್ಯಾಲಿಫೋರ್ನಿಯಾದ್ದು ಇನ್ನೂ ವಿಚಿತ್ರ. 2021ರ ಜನವರಿಯಲ್ಲಿ ಬಿರುಗಾಳಿಗೆ ಕಂಟೇನರ್ ಹಡಗುಗಳ ಲಂಗರು ಜಾರಿ ತಳದ ಎಣ್ಣೆ ಪೈಪಿಗೆ ತಾಗಿತು. ಆಗ ಯಾರಿಗೂ ತಿಳಿಯಲಿಲ್ಲ. ಪೆಟ್ಟು ತಿಂದ ಪೈಪು ಒಡೆದಿದ್ದು ಅಕ್ಟೋಬರ್‌ನಲ್ಲಿ. ಹಂಟಿಂಗ್‌ಟನ್ ಬೀಚಿಗೆ ಎಣ್ಣೆ ಬಂತು. ಆ ಹಡಗುಗಳು ನಿಷೇಧದ ಜಾಗದಲ್ಲಿ ಲಂಗರು ಹಾಕಿರಲಿಲ್ಲ ಅನ್ನೋದು ಇಲ್ಲಿ ಗಮನಿಸಬೇಕಾದ್ದು. ಬಂದರು ಕೊಟ್ಟ ಆಂಕರೇಜ್‌ನಲ್ಲೇ ಇದ್ದವು. ಆಂಕರೇಜ್ ಪೈಪಿಗೆ ತೀರಾ ಹತ್ತಿರ ಇತ್ತು ಅಂತ ತನಿಖೆ ಹೇಳಿತು. ಗೆರೆಯ ಹೊರಗಿದ್ದೇನೆ ಅಂದರೆ ಸಾಲದು. ಜಾರಿದರೆ ಎತ್ತ ಜಾರುತ್ತೇನೆ ಅಂತಲೂ ನೋಡಬೇಕು. ಗಾಳಿ ಬೀಸುವ ದಿಕ್ಕಿನಲ್ಲಿ ನನ್ನ ಹಿಂದೆ ಏನಿದೆ? ನನ್ನ ಪ್ರಕಾರ ನಕ್ಷೆ ಮುಂದೆ ನಿಂತು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು.

ಲಂಗರು ಎತ್ತುವಾಗ ಅದಕ್ಕೆ ಕೇಬಲ್ ಸಿಕ್ಕಿಕೊಂಡು ಬಂದರೆ ಜಗ್ಗಬಾರದು. ಲಂಗರನ್ನೇ ಕಡಿದು ಬಿಡಬೇಕು. ಹಾಗೆ ಕೇಬಲ್ ಉಳಿಸಲು ಲಂಗರು ಕಳೆದುಕೊಂಡವನಿಗೆ, ಮೊದಲು ಎಚ್ಚರಿಕೆಯಿಂದ ನಡೆದುಕೊಂಡಿದ್ದರೆ, ಕೇಬಲ್ ಮಾಲೀಕರು ಅದರ ಬೆಲೆ ಕೊಡಬೇಕು. ಇದು 1884ರ ಅಂತರರಾಷ್ಟ್ರೀಯ ಒಪ್ಪಂದದಲ್ಲೇ ಇರುವ ಮಾತು. ತಂತಿ ಸಂದೇಶದ ಕಾಲದ್ದು!

ಯಂತ್ರ ಕೆಟ್ಟು ಹಡಗು ದಾರಿ ತಪ್ಪಿದರೆ? ಲಂಗರು ಹಾಕಿದರೆ ಬ್ರೇಕ್ ಹಾಕಿದ ಹಾಗೆ ನಿಲ್ಲುತ್ತಲ್ವಾ?

ಇಲ್ಲ. 2024ರ ಮಾರ್ಚ್ 26ರ ರಾತ್ರಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಡಾಲಿ ಹಡಗಿನ ಕರೆಂಟು ಹೋಯಿತು. ಪೈಲಟ್ ಲಂಗರು ಬಿಡಲು ಹೇಳಿದರು, ಬಿಟ್ಟರು ಕೂಡ. 300 ಮೀಟರ್ ಉದ್ದದ ಹಡಗು ಹೋಗಿ ಸೇತುವೆ ಕಂಬಕ್ಕೆ ಗುದ್ದಿತು. ಸೇತುವೆ ಮೇಲೆ ಕೆಲಸ ಮಾಡುತ್ತಿದ್ದ 6 ಜನ ಸತ್ತರು. ಓಡುವ ಹಡಗನ್ನು ಲಂಗರು ನಿಲ್ಲಿಸಲಾರದು. ಲಂಗರು ಹಾಕುವಾಗ ಹಡಗು ಹೆಚ್ಚು ಕಡಿಮೆ ನಿಂತೇ ಇರಬೇಕು, ಮೆಲ್ಲಗೆ ಹಿಂದಕ್ಕೆ ಸರಿಯುತ್ತಿರಬೇಕು.

ಆದರೂ ಪ್ರಾಣಕ್ಕೆ ಬಂದಾಗ ನಿಷೇಧ ಇದ್ದರೂ ಲಂಗರು ಬಿಡಬಹುದು. ಬಿಟ್ಟು, ಅದೇ ಉಸಿರಿನಲ್ಲಿ ಪೋರ್ಟ್ ಕಂಟ್ರೋಲ್‌ಗೆ ಹೇಳಬೇಕು. ಮುಚ್ಚಿಟ್ಟರೆ ಮಾತ್ರ ಕ್ಷಮೆ ಇಲ್ಲ.

ಲಂಗರು ಜಾರಿದ್ದು ಹೇಗೆ ಗೊತ್ತಾಗುತ್ತೆ?

ನನ್ನದೇ ಕಥೆ ಹೇಳುತ್ತೇನೆ. ಆಗ ಥರ್ಡ್ ಆಫೀಸರ್. ಖಾಲಿ ಹಡಗು, ಅರಬ್ ಕಡೆಯ ಒಂದು ಆಂಕರೇಜ್, ಚಳಿಗಾಲ. ಸುತ್ತ ಹತ್ತಿಪ್ಪತ್ತು ಹಡಗು. ಜಿಪಿಎಸ್‌ನಲ್ಲಿ ಒಂದು ಅಲಾರಂ ಇಡುತ್ತೇವೆ. ಹಡಗು ಸುತ್ತಿನಿಂದ ಹೊರಗೆ ಹೋದರೆ ಅದು ಕಿರುಚಬೇಕು. ಹಡಗು ಓಲಾಡಿದಾಗೆಲ್ಲ ಕಿರುಚುತ್ತಿತ್ತು. ಕ್ಯಾಪ್ಟನ್ ಮಲಗಿದ್ದಾರೆ, ಏಳುತ್ತಾರೆ ಅಂತ ನಾನು ಆ ಸುತ್ತನ್ನು ದೊಡ್ಡದು ಮಾಡಿಟ್ಟೆ. ತಪ್ಪು ನನ್ನದೇ.

ರಾತ್ರಿ ಗಾಳಿ ಏರಿತು. ಲಂಗರು ಕಚ್ಚಿದ್ದರೆ ಹಡಗು ಗಾಳಿಗೆ ಮೂತಿ ಕೊಟ್ಟು ಅತ್ತ ಇತ್ತ ಓಲಾಡುತ್ತದೆ, ತೊಟ್ಟಿಲ ಥರ. ಆ ಓಲಾಟ ನಿಂತುಹೋಗಿತ್ತು. ಗಾಳಿ ಒಂದೇ ಪಕ್ಕೆಗೆ ಬಡಿಯುತ್ತಿತ್ತು. ಎಷ್ಟು ಆರಾಮಾಗಿದೆಯಲ್ಲ ಅಂದುಕೊಂಡೆ. ಮುಂದೆ ಗಸ್ತಿಗೆ ಹೋದ ನಾವಿಕ ವಾಕಿಟಾಕಿಯಲ್ಲಿ ಹೇಳಿದ: ‘ಸಾಬ್, ಸರಪಳಿ ನಡುಗುತ್ತಿದೆ.’ ಲಂಗರು ತಳದಲ್ಲಿ ಉಜ್ಜಿಕೊಂಡು ಬಂದರೆ ಸರಪಳಿ ಗಡಗಡ ನಡುಗುತ್ತದೆ. ಅದರ ಮೇಲೆ ಕಾಲಿಟ್ಟರೆ ಮೈಗೆಲ್ಲ ಗೊತ್ತಾಗುತ್ತದೆ. ಹಿಂದೆ ತಿರುಗಿ ನೋಡಿದೆ. ಸಂಜೆ ದೂರ ಇದ್ದ ಟ್ಯಾಂಕರಿನ ಡೆಕ್ ಮೇಲೆ ನಡೆಯುವ ಮನುಷ್ಯ ಕಾಣುತ್ತಿದ್ದ.

ಕ್ಯಾಪ್ಟನ್ ಎರಡೇ ನಿಮಿಷಕ್ಕೆ ಹಡಗು ನಡೆಸುವ ಕೋಣೆಗೆ, ಅಂದರೆ ಬ್ರಿಡ್ಜ್‌ಗೆ ಬಂದರು. ಎಂಜಿನ್ ರೆಡಿ ಇಟ್ಟಿದ್ದು ನಮ್ಮ ಪುಣ್ಯ. ಸರಪಳಿ ಇನ್ನಷ್ಟು ಬಿಡೋಣವಾ ಅಂದೆ. ‘ಬಿಡಲು ಹಿಂದೆ ಜಾಗ ಎಲ್ಲಿದೆ?’ ಅಂದರು. ಎಂಜಿನ್ ಮುಂದಕ್ಕೆ ಕೊಟ್ಟು, ಲಂಗರು ಎತ್ತಿ, ಹೊರಗೆ ಸಮುದ್ರಕ್ಕೆ ಹೋಗಿ ಬೆಳಗಿನವರೆಗೆ ತಿರುಗಿದೆವು. ಅವರು ಬೈಯಲಿಲ್ಲ. ಅಲಾರಂ ಸುತ್ತು ಎಷ್ಟಿತ್ತು ಅಂತ ಲಾಗ್ ಪುಸ್ತಕದಲ್ಲಿ ನನ್ನ ಕೈಯಲ್ಲೇ ಬರೆಸಿದರು. ಬೈದಿದ್ದರೆ ಮರೆತುಹೋಗುತ್ತಿತ್ತು.

ಚಂಡಮಾರುತ ಬಂದಾಗ ಬಂದರಿನ ಹತ್ತಿರ ಇರೋದೇ ಕ್ಷೇಮ ಅಲ್ವಾ?

ಮನೆ ಹತ್ತಿರ ಇದ್ದರೆ ಧೈರ್ಯ ಅನ್ನೋದು ನಮ್ಮ ಲೆಕ್ಕ. ಹಡಗಿಗೆ ದಡ ಅಂದರೇ ಭಯ. ಚಂಡಮಾರುತದ ಮುನ್ಸೂಚನೆ ಬಂದರೆ ಬಂದರಿನವರೇ ಹಡಗುಗಳನ್ನು ಹೊರಗೆ ಆಳ ಸಮುದ್ರಕ್ಕೆ ಕಳಿಸುತ್ತಾರೆ. 2012ರ ಅಕ್ಟೋಬರ್ 31ರಂದು ನೀಲಂ ಚಂಡಮಾರುತದಲ್ಲಿ ಚೆನ್ನೈ ಹೊರಗೆ ಲಂಗರು ಹಾಕಿದ್ದ ಪ್ರತಿಭಾ ಕಾವೇರಿ ಟ್ಯಾಂಕರ್ ಜಾರಿ ಬಂದು ಎಲಿಯಟ್ಸ್ ಬೀಚ್ ಹತ್ತಿರ ಮರಳಿಗೆ ಕೂತಿತು. ಹಡಗು ಗಟ್ಟಿಯಾಗೇ ಇತ್ತು. ಲೈಫ್‌ಬೋಟ್ ಇಳಿಸಿ ಹೊರಟವರ ದೋಣಿ ಮಗುಚಿ ಕೆಲವರು ಸತ್ತರು. 2021ರ ಮೇ 17ರಂದು ತೌಕ್ತೆಯಲ್ಲಿ ಬಾಂಬೆ ಹೈ ತೈಲ ಪ್ರದೇಶದಲ್ಲಿದ್ದ, ಸ್ವಂತ ಎಂಜಿನ್ ಇಲ್ಲದ ಪಿ-305 ಬಾರ್ಜ್‌ನ ಲಂಗರುಗಳು ಕಿತ್ತುಕೊಂಡವು. 261 ಜನರಿದ್ದ ಬಾರ್ಜ್ ಅಲೆಯುತ್ತಾ ಹೋಗಿ ಮುಳುಗಿತು. ಸತ್ತವರು ಎಪ್ಪತ್ತರ ಆಸುಪಾಸು. ಅದೇ ತೌಕ್ತೆಗೆ ನಮ್ಮ ಕಾಪು ಹತ್ತಿರ ಬಂಡೆಗಳಿಗೆ ಸಿಕ್ಕಿದ, ಹಡಗು ಎಳೆಯುವ ಟಗ್‌ನ 9 ಜನರನ್ನು ನೌಕಾಪಡೆ, ಕರಾವಳಿ ಕಾವಲು ಪಡೆ ಸೇರಿ ಉಳಿಸಿದವು.

ಬರೀ ಮಳೆಗಾಲವೂ ಸುಲಭ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಣಂಬೂರಿನ ಹೊರಗೆ ನಿಂತ ಹಡಗು ದೊಡ್ಡ ಅಲೆಗೆ ಹಗಲು ರಾತ್ರಿ ಹೊರಳಾಡುತ್ತದೆ. ಊಟದ ತಟ್ಟೆ ಕೈಯಲ್ಲೇ ಹಿಡಿದುಕೊಳ್ಳಬೇಕು.

ನನ್ನ ಮಗನ ಹಡಗು ಎರಡು ತಿಂಗಳಿಂದ ಲಂಗರು ಹಾಕಿ ನಿಂತಿದೆ. ಏನೋ ಆಗಿದೆ ಅನ್ನಿಸುತ್ತೆ.

ಅಮ್ಮ, ಬರೀ ಕಾಯುವುದಕ್ಕೆ ಹೆದರಬೇಡಿ. ಸರಕು ಸಿಗದೆ, ಬರ್ತ್ ಸಿಗದೆ ಹಡಗು ವಾರಗಟ್ಟಲೆ ನಿಲ್ಲುವುದು ಉಂಟು. ಮರೀನ್ ಟ್ರಾಫಿಕ್‌ನಂಥ ಆ್ಯಪ್‌ನಲ್ಲಿ ನೀವು ನೋಡುವ ‘ಲಂಗರು ಹಾಕಿದೆ’ ಅನ್ನುವ ಮಾತನ್ನು ಹಡಗಿನ ಅಧಿಕಾರಿ ಕೈಯಾರೆ ತುಂಬಿರುತ್ತಾನೆ. ಹೊರಟ ಮೇಲೆ ಬದಲಿಸಲು ಮರೆಯುವವರೂ ಇದ್ದಾರೆ.

ನೀವು ಕೇಳಬೇಕಾದ ಪ್ರಶ್ನೆ ಎರಡೇ: ಸಂಬಳ ಬರುತ್ತಿದೆಯಾ? ಊಟ, ನೀರು, ಡೀಸೆಲ್ ಇದೆಯಾ? ಎರಡು ತಿಂಗಳ ಸಂಬಳ ಬಾಕಿ ಇದ್ದರೆ, ಅಥವಾ ಮಾಲೀಕ ಊಟ ನೀರು ಕೊಡುವುದನ್ನೇ ನಿಲ್ಲಿಸಿದರೆ, ನಾವಿಕರ ಅಂತರರಾಷ್ಟ್ರೀಯ ಕಾರ್ಮಿಕ ಒಪ್ಪಂದದ ಪ್ರಕಾರ ಅವರನ್ನು ಕೈಬಿಟ್ಟ ಹಾಗೇ ಲೆಕ್ಕ. 2017ರಿಂದ ಹಡಗುಗಳಿಗೆ ಇದಕ್ಕೆ ವಿಮೆ ಕಡ್ಡಾಯ. ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊರಿಗೆ ಬರುವ ಖರ್ಚು ಅದರಿಂದ ಸಿಗಬೇಕು. ಆ ವಿಮೆಯ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿರುತ್ತಾರೆ. ಮಗನಿಗೆ ಹೇಳಿ ಅದರ ಫೋಟೊ ತರಿಸಿಟ್ಟುಕೊಳ್ಳಿ. ದೂರು ಮುಂಬೈಯ ನೌಕಾಯಾನ ಮಹಾನಿರ್ದೇಶನಾಲಯಕ್ಕೆ ಕೊಡಬಹುದು.

ನಿಂತ ಹಡಗಿಗೆ ಕಳ್ಳರು ಹತ್ತುತ್ತಾರಂತೆ, ನಿಜವಾ?

ನಿಜ. ಲಂಗರಿನ ಸರಪಳಿಯನ್ನೇ ಹಿಡಿದು, ಅದು ಹೊರಬರುವ ತೂತಿನಿಂದ ನುಸುಳುತ್ತಾರೆ. ಓಬವ್ವನ ಕಿಂಡಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಆ ತೂತಿಗೆ ಕಬ್ಬಿಣದ ಮುಚ್ಚಳ ಹಾಕುತ್ತಾರೆ, ನೀರು ಹಾಯಿಸುತ್ತಾರೆ, ರಾತ್ರಿ ಗಸ್ತು ಇರುತ್ತದೆ. ಹೋಗುವುದು ಸಾಮಾನ್ಯವಾಗಿ ಹಗ್ಗ, ಬಣ್ಣ, ಯಂತ್ರದ ಬಿಡಿಭಾಗ.

ಪಣಂಬೂರು ಬೀಚಿಗೆ ಹೋದಾಗ ದೂರದ ಹಡಗು ಲಂಗರು ಹಾಕಿದೆಯೋ, ಹೋಗುತ್ತಿದೆಯೋ ಅಂತ ತಿಳಿಯೋದು ಹೇಗೆ?

ಹಗಲಾದರೆ ಬೈನಾಕ್ಯುಲರ್ ಇಟ್ಟುಕೊಳ್ಳಿ. ಲಂಗರು ಹಾಕಿದ ಹಡಗು ಮುಂದುಗಡೆ ಒಂದು ಕರಿ ಗುಂಡು ಏರಿಸಿರಬೇಕು. ರಾತ್ರಿ ಮುಂದೆ ಒಂದು ಬಿಳಿ ದೀಪ, ಹಿಂದೆ ಅದಕ್ಕಿಂತ ತಗ್ಗಿನಲ್ಲಿ ಇನ್ನೊಂದು. 100 ಮೀಟರ್ ಮತ್ತು ಅದಕ್ಕಿಂತ ಉದ್ದ ಇದ್ದರೆ ಡೆಕ್ ತುಂಬ ದೀಪ ಹಚ್ಚಲೇಬೇಕು. ಹಾಗಾಗಿ ಕತ್ತಲಲ್ಲಿ ಜಾತ್ರೆಯ ಹಾಗೆ ಹೊಳೆಯುವುದು ನಿಂತ ಹಡಗು. ಕೆಂಪೋ ಹಸಿರೋ ದೀಪ ಕಂಡರೆ ಅದು ಹೊರಟಿದೆ.

ಹಡಗಿನ ಪಕ್ಕೆಯಲ್ಲಿ ಕೆಳಗಿನ ಕೆಂಪು ಬಣ್ಣ ಅಗಲವಾಗಿ ಕಂಡರೆ ಖಾಲಿ ಹಡಗು. ಸರಕಿಗೆ ಕಾಯುತ್ತಿದೆ, ನಿಮ್ಮ ಜೋಳಕ್ಕೇ ಇರಬಹುದು. ಸಂಜೆ ಕೂತು ನೋಡಿ. ಮಧ್ಯಾಹ್ನ ಸಮುದ್ರದ ಕಡೆ ಮೂತಿ ಮಾಡಿ ನಿಂತವು ರಾತ್ರಿ ದಡದ ಗಾಳಿ ಬಿಟ್ಟ ಮೇಲೆ ಒಂದೊಂದಾಗಿ ನಮ್ಮ ಕಡೆ ತಿರುಗುತ್ತವೆ. ಖಾಲಿ ಹಡಗುಗಳು ಮೊದಲು.